ಎರಡಕ್ಷರದ ಪದಕ್ಕೆ ಸೋತ ನಿಘಂಟು: ಒಂದು ಮೊಬೈಲ್ ಆ್ಯಪ್‌ನ ವಿಮರ್ಶೆ

ನಿಘಂಟೊಂದು ಎಷ್ಟು ಗಟ್ಟಿಯೆಂದು ತಿಳಿಯಲು ಹಲವರು ಉದ್ದುದ್ದದ ಪದಗಳನ್ನು ಹುಡುಕಿ ನೋಡುತ್ತಾರೆ. ಅದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ‘ಫೋಟೊಸಿಂಥೆಸಿಸ್’ ಎಂದರೆ ದ್ಯುತಿಸಂಶ್ಲೇಷಣೆ ಎಂದು ಯಾವ ನಿಘಂಟಾದರೂ ಹೇಳೀತು, ಏಕೆಂದರೆ ಆ ಪದಕ್ಕಿರುವುದು ಒಂದೇ ಅರ್ಥ. ನಿಘಂಟಿನ ಬಂಡವಾಳ ಬಯಲಾಗುವುದು ಎರಡು ಮೂರು ಅಕ್ಷರಗಳ ಪದಗಳ ಮುಂದೆ. ಆದ್ದರಿಂದ ಇಂಗ್ಲಿಷ್–ಕನ್ನಡ ನಿಘಂಟಿನ ಆ್ಯಪ್ ಒಂದನ್ನು ಎರಡು ತಿಂಗಳು ಬಳಸಿದಾಗ ನಾನು ಅದರ ಮುಂದೆ ಮತ್ತೆ ಮತ್ತೆ ಇಟ್ಟದ್ದು ‘ಅಪ್’ ಎಂಬ ಎರಡಕ್ಷರದ ಪದವನ್ನು. ಆ್ಯಪ್‌ನ ಹೆಸರು ಇಲ್ಲಿ ಮುಖ್ಯವಲ್ಲ. ಇಂಥ ಹತ್ತಾರು ಆ್ಯಪ್‌ಗಳಲ್ಲಿ ಇದೂ ಒಂದು.

ಮೊದಲು ಒಳ್ಳೆಯ ಮಾತು. ಆ್ಯಪ್ ಹಗುರವಾಗಿದೆ, ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ, ಅಕ್ಷರಗಳು ಕಣ್ಣಿಗೆ ಹಿತವಾಗಿವೆ. ಓದುತ್ತಿರುವ ಪುಟದಲ್ಲಿ ಪದದ ಮೇಲೆ ಬೆರಳಿಟ್ಟರೆ ಅಲ್ಲಿಯೇ ಅರ್ಥ ತೆರೆದುಕೊಳ್ಳುವ ಸೌಲಭ್ಯ ಬಹಳ ಉಪಯುಕ್ತ. ವಸ್ತುಗಳ ಹೆಸರು, ವಿಜ್ಞಾನದ ಪರಿಭಾಷೆ, ಕಾನೂನಿನ ಪದಗಳು ಇವುಗಳಲ್ಲಿ ಅದು ನನ್ನನ್ನು ದಾರಿ ತಪ್ಪಿಸಿದ್ದು ಕಡಿಮೆ.

ಇನ್ನು ‘ಅಪ್’. ಅದಕ್ಕೆ ಈ ನಿಘಂಟು ಕೊಡುವ ಅರ್ಥಗಳು: ಮೇಲೆ, ಮೇಲಕ್ಕೆ, ಮೇಲ್ಮುಖವಾಗಿ, ಎತ್ತರದಲ್ಲಿ. ನಾಲ್ಕೂ ಸರಿ, ಆದರೆ ನಾಲ್ಕೂ ಒಂದೇ. ಆ ಪದ ಕ್ರಿಯಾವಿಶೇಷಣವಾಗಿ, ಪ್ರಿಪೊಸಿಷನ್ ಆಗಿ, ಗುಣವಾಚಕವಾಗಿ ಬರುತ್ತದೆ. ಬೆಲೆ ಏರಿಸುವುದಕ್ಕೆ ‘ಟು ಅಪ್ ದ ಪ್ರೈಸ್’ ಎನ್ನುವಾಗ ಕ್ರಿಯಾಪದ, ‘ಅಪ್ಸ್ ಆ್ಯಂಡ್ ಡೌನ್ಸ್’ ಎನ್ನುವಾಗ ನಾಮಪದ. ಕೊನೆಯ ಎರಡರ ಸುಳಿವೂ ಇಲ್ಲಿಲ್ಲ. ಅದನ್ನಾದರೂ ಕ್ಷಮಿಸಬಹುದು. ‘ಟೈಮ್ ಈಸ್ ಅಪ್’ ಎಂದರೆ ಸಮಯ ಮುಗಿಯಿತು, ‘ದ ಸರ್ವರ್ ಈಸ್ ಅಪ್’ ಎಂದರೆ ಸರ್ವರ್ ನಡೆಯುತ್ತಿದೆ, ‘ಷಿ ಈಸ್ ಅಪ್’ ಎಂದರೆ ಅವಳು ಎಚ್ಚರವಾಗಿದ್ದಾಳೆ. ಮೂರೂ ವಾಕ್ಯಗಳ ಕಟ್ಟು ಒಂದೇ. ಒಂದರಲ್ಲಿ ಮುಗಿದದ್ದು, ಇನ್ನೊಂದರಲ್ಲಿ ನಡೆಯುತ್ತಿರುವುದು, ಮತ್ತೊಂದರಲ್ಲಿ ಎದ್ದಿರುವುದು. ಇವುಗಳಲ್ಲಿ ಯಾವುದಕ್ಕೂ ‘ಮೇಲೆ’ ಎಂಬ ಅರ್ಥ ಹೊಂದುವುದಿಲ್ಲ. ಆ್ಯಪ್‌ನೊಳಗಿನ ಅನುವಾದದ ಗುಂಡಿ ಒತ್ತಿದಾಗ ಮೊದಲ ವಾಕ್ಯ ‘ಸಮಯ ಮೇಲಿದೆ’ ಎಂದಾಯಿತು. ನಕ್ಕೆ, ಆದರೆ ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ ಅದು ನಗುವಿನ ವಿಷಯವಲ್ಲ.

ನನಗೆ ಹೆಚ್ಚು ಬೇಸರವಾದದ್ದು ಬೇರೆ ಕಡೆ. ಇಂಗ್ಲಿಷಿನಲ್ಲಿ ‘ಅಪ್’ ಎಷ್ಟೋ ಸಲ ದಿಕ್ಕನ್ನು ಹೇಳುವುದೇ ಇಲ್ಲ. ಕೆಲಸ ಪೂರ್ತಿಯಾಯಿತು ಎಂಬುದನ್ನಷ್ಟೇ ಹೇಳುತ್ತದೆ. ‘ಈಟ್’ ಎಂದರೆ ತಿನ್ನು, ‘ಈಟ್ ಅಪ್’ ಎಂದರೆ ತಿಂದುಬಿಡು. ‘ಡ್ರೈ ಅಪ್’ ಎಂದರೆ ಬತ್ತಿಹೋಗು. ‘ಟೇರ್ ಅಪ್’ ಎಂದರೆ ಹರಿದುಹಾಕು. ಕನ್ನಡ ಬಲ್ಲವರಿಗೆ ಇದರಲ್ಲಿ ವಿವರಿಸುವ ಕಷ್ಟವೇ ಇಲ್ಲ, ಏಕೆಂದರೆ ‘ಅಪ್’ ಮಾಡುವ ಕೆಲಸವನ್ನು ನಮ್ಮಲ್ಲಿ ಬಿಡು, ಹೋಗು, ಹಾಕು ಎಂಬ ಮೂರು ಸಹಾಯಕ ಕ್ರಿಯಾಪದಗಳು ಹಂಚಿಕೊಂಡಿವೆ: ತಾನಾಗಿ ಆದದ್ದಕ್ಕೆ ‘ಹೋಗು’, ಬೇಕೆಂದೇ ನಾಶ ಮಾಡಿದ್ದಕ್ಕೆ ಹೆಚ್ಚಾಗಿ ‘ಹಾಕು’, ಪಟ್ಟನೆ ಮುಗಿಸಿದ್ದಕ್ಕೆ ‘ಬಿಡು’. ‘ತಿಂದುಬಿಡು’ ಎನ್ನುವಾಗ ಯಾರೂ ಏನನ್ನೂ ಬಿಡುವುದಿಲ್ಲ. ‘ಈಟ್ ಅಪ್’ ಎನ್ನುವಾಗ ಯಾವುದೂ ಮೇಲಕ್ಕೆ ಹೋಗುವುದಿಲ್ಲ. ಈ ಒಂದು ಸಾಲು ನಿಘಂಟಿನಲ್ಲಿದ್ದಿದ್ದರೆ ನೂರು ಉದಾಹರಣೆಗಳ ಕೆಲಸ ಮಾಡುತ್ತಿತ್ತು. ಇಂಗ್ಲಿಷ್–ಕನ್ನಡ ನಿಘಂಟು ಎಂದು ಹೆಸರಿಟ್ಟುಕೊಂಡ ಮೇಲೆ ಕನ್ನಡದ ಕಡೆಯಿಂದಲೂ ಯೋಚಿಸಬೇಕಿತ್ತು. (ಮನೆ ಸುಟ್ಟುಹೋದರೆ ಇಂಗ್ಲಿಷಿನವರು ‘ಬರ್ನ್ ಅಪ್’ ಎಂದೂ ‘ಬರ್ನ್ ಡೌನ್’ ಎಂದೂ ಹೇಳಬಲ್ಲರು, ಬೆಂಕಿಗೆ ಮೇಲು ಕೆಳಗಿನ ಭೇದವಿಲ್ಲವೆಂದು ಕಾಣುತ್ತದೆ.)

ಎರಡನೆಯ ದೂರು ಹುಡುಕಾಟದ್ದು. ‘ಮೇಕ್ ಅಪ್’ ಎಂಬುದನ್ನು ಒಂದು ಪದದಂತೆ ಹುಡುಕಿದರೆ ಆ್ಯಪ್ ಎರಡನೆಯ ತುಂಡನ್ನು ಸದ್ದಿಲ್ಲದೆ ಕೈಬಿಟ್ಟು ‘ಮೇಕ್’ ಪುಟಕ್ಕೆ ಒಯ್ಯುತ್ತದೆ. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದು, ಇಲ್ಲದ ಕಥೆ ಕಟ್ಟುವುದು, ಜಗಳವಾದ ಮೇಲೆ ರಾಜಿಯಾಗುವುದು, ಕಳೆದುಕೊಂಡದ್ದನ್ನು ತುಂಬಿಕೊಳ್ಳುವುದು, ಹಲವು ಭಾಗಗಳು ಸೇರಿ ಒಂದಾಗುವುದು, ಇಷ್ಟನ್ನೂ ಆ ಎರಡು ಪದಗಳ ಜೋಡಿ ಹೇಳುತ್ತದೆ. ಮೊದಲನೆಯದನ್ನು ಕನ್ನಡವೇ ‘ಮೇಕಪ್’ ಎಂದು ಸ್ವಂತ ಮಾಡಿಕೊಂಡಿದೆ. ಉಳಿದ ನಾಲ್ಕಕ್ಕೇ ನಿಘಂಟು ಬೇಕಾಗುವುದು. ‘ಲುಕ್ ಅಪ್’ನ ಕಥೆ ಇನ್ನೂ ಸ್ವಾರಸ್ಯದ್ದು. ಪದವನ್ನು ನಿಘಂಟಿನಲ್ಲಿ ಹುಡುಕುವುದಕ್ಕೂ ಅದೇ, ಚಿಮಣಿಯೊಳಗೆ ಕತ್ತೆತ್ತಿ ನೋಡುವುದಕ್ಕೂ ಅದೇ. ಆದರೆ ‘ಲುಕ್ ದ ವರ್ಡ್ ಅಪ್’ ಎಂದು ಪದವನ್ನು ನಡುವೆ ಸೇರಿಸಬಹುದು, ‘ಲುಕ್ ದ ಚಿಮ್ನಿ ಅಪ್’ ಎಂದರೆ ವಾಕ್ಯ ಮುರಿದುಬೀಳುತ್ತದೆ. ಎರಡು ಬಳಕೆಗಳನ್ನು ಬೇರ್ಪಡಿಸಲು ಇಷ್ಟು ಸುಲಭದ ಪರೀಕ್ಷೆ ಇರುವಾಗ ಆ್ಯಪ್ ಅದರ ಗೋಜಿಗೇ ಹೋಗಿಲ್ಲ.

ಉಚ್ಚಾರಣೆಯ ಧ್ವನಿಯೂ ಅಷ್ಟೇ. ‘ಸೆಟ್ ಅಪ್’ ಕ್ರಿಯಾಪದವಾದಾಗ ಒತ್ತು ‘ಅಪ್’ ಮೇಲೆ, ನಾಮಪದವಾದಾಗ ‘ಸೆಟ್’ ಮೇಲೆ. ಆ್ಯಪ್ ಎರಡನ್ನೂ ಒಂದೇ ರಾಗದಲ್ಲಿ ಓದುತ್ತದೆ.

ಇಷ್ಟು ಚಿಕ್ಕ ಪದಕ್ಕೆ ಇಷ್ಟು ಕೇಳುವುದು ಅತಿಯಾಯಿತೇ ಎಂಬ ಪ್ರಶ್ನೆ ಬರಬಹುದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಕಂತು ಹೊರಬಂದದ್ದು 1884ರಲ್ಲಿ, ಮೊದಲ ಆವೃತ್ತಿ ಪೂರ್ಣಗೊಂಡದ್ದು 1928ರಲ್ಲಿ. 1989ರ 20 ಸಂಪುಟಗಳ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಯಾವುದೋ ಭಾರೀ ಪದದ್ದಲ್ಲ, ಮೂರಕ್ಷರದ ‘ಸೆಟ್’ ಎಂಬುದರದ್ದು: 430ಕ್ಕೂ ಹೆಚ್ಚು ಅರ್ಥಗಳು, ಸುಮಾರು 60,000 ಪದಗಳ ವಿವರಣೆ. ಮುಂದೆ ಪರಿಷ್ಕರಣೆ ನಡೆದಾಗ ಅದನ್ನು ಹಿಂದಿಕ್ಕಿದ್ದು ಇನ್ನೊಂದು ಮೂರಕ್ಷರದ ಪದ, ‘ರನ್’. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಿದರು. ಫೋನಿನ ಪರದೆಯಲ್ಲಿ ಅಷ್ಟನ್ನೆಲ್ಲ ತುಂಬಿ ಎಂದು ಯಾರೂ ಕೇಳುತ್ತಿಲ್ಲ. ಆ ನಿಘಂಟು ಅರ್ಥಗಳನ್ನು ಹುಟ್ಟಿದ ಕಾಲಕ್ರಮದಲ್ಲಿ ಜೋಡಿಸುತ್ತದೆ, ಕಲಿಯುವವರಿಗೆ ಅದು ಬೇಕಾಗಿಯೂ ಇಲ್ಲ. ಅವರಿಗೆ ಬೇಕಾದದ್ದು ಹೆಚ್ಚು ಬಳಕೆಯ ಹದಿನೈದಿಪ್ಪತ್ತು ಅರ್ಥಗಳು, ಪ್ರತಿಯೊಂದಕ್ಕೂ ಒಂದು ಪೂರ್ಣ ವಾಕ್ಯ. 1987ರಲ್ಲಿ ಬಂದ ಕಾಲಿನ್ಸ್ ಕೋಬಿಲ್ಡ್ ನಿಘಂಟು, ಜನ ನಿಜವಾಗಿ ಬಳಸಿದ ಇಂಗ್ಲಿಷನ್ನು ಕಂಪ್ಯೂಟರಿನಲ್ಲಿ ಕಲೆಹಾಕಿ, ಅರ್ಥವನ್ನೇ ಪೂರ್ಣ ವಾಕ್ಯದಲ್ಲಿ ಹೇಳುವ ಕ್ರಮವನ್ನು ತಂದಿತು. ಅದಾಗಿ ಇಷ್ಟು ವರ್ಷಗಳ ಮೇಲೂ ಈ ಆ್ಯಪ್ ಒಂದು ಇಂಗ್ಲಿಷ್ ಪದದ ಎದುರು ನಾಲ್ಕು ಕನ್ನಡ ಪದಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ನಿಲ್ಲಿಸುವುದರಲ್ಲೇ ತೃಪ್ತವಾಗಿದೆ.

ಓದುವಾಗ ಗೊತ್ತಿಲ್ಲದ ನಾಮಪದಗಳನ್ನು ಥಟ್ಟನೆ ನೋಡಿಕೊಳ್ಳುವವರಿಗೆ ಇದರ ಉಚಿತ ಆವೃತ್ತಿ ಧಾರಾಳವಾಗಿ ಸಾಕು. ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಇಂಗ್ಲಿಷಿನಲ್ಲಿ ಬರೆಯಬೇಕಾದವರು ಜೊತೆಗೆ ಫ್ರೇಸಲ್ ವರ್ಬ್‌ಗಳಿಗೆಂದೇ (‘ಮೇಕ್ ಅಪ್’, ‘ಲುಕ್ ಅಪ್’ನಂಥ ಜೋಡಿ ಕ್ರಿಯಾಪದಗಳಿಗೆಂದೇ) ಇರುವ ಬೇರೊಂದು ನಿಘಂಟನ್ನು ಇಟ್ಟುಕೊಳ್ಳಬೇಕು. ಹಣ ಕೊಟ್ಟು ಪಡೆಯುವ ಆವೃತ್ತಿಯನ್ನು ಕೆಲವು ದಿನ ಪುಕ್ಕಟೆಯಾಗಿ ನೋಡುವ ಅವಕಾಶವಿತ್ತು. ಜಾಹೀರಾತುಗಳು ಮಾಯವಾದದ್ದನ್ನು ಬಿಟ್ಟರೆ ‘ಅಪ್’ನ ಪುಟದಲ್ಲಿ ಒಂದಕ್ಷರವೂ ಹೆಚ್ಚಾಗಿರಲಿಲ್ಲ. ಆ ಅವಧಿ ತೀರಿದ ದಿನ ಆ್ಯಪ್‌ನಿಂದಲೇ ಇಂಗ್ಲಿಷಿನಲ್ಲಿ ಒಂದು ಸೂಚನೆ ಬಂತು: ‘ಯುವರ್ ಟ್ರಯಲ್ ಈಸ್ ಅಪ್’. ಕೊನೆಯ ಪದದ ಮೇಲೆ ಬೆರಳಿಟ್ಟೆ. ಮೇಲೆ, ಮೇಲಕ್ಕೆ, ಮೇಲ್ಮುಖವಾಗಿ, ಎತ್ತರದಲ್ಲಿ.