ಮರಸು ಕೂರೋಕೆ ಯಾವ ಹಾರ್ನೆಸ್? ಫ್ರೀ ಬಂದಿದ್ದು, ವೆಸ್ಟು, ಸ್ಯಾಡಲ್ಲು

ಮರದ ಮೇಲೆ ಕೂತು ಬೇಟೆ ಕಾಯೋವಾಗ ಬಿದ್ರೆ ಹಿಡಿಯೋಕೆ ಮೈಗೆ ಹಾಕ್ಕೊಳ್ಳೋ ಪಟ್ಟಿಗಳೇ ಹಾರ್ನೆಸ್. ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ವೆಸ್ಟ್ ಹಾರ್ನೆಸ್‌ಗೆ, ಅದೂ ಹತ್ತೋವಾಗಿಂದ ಇಳಿಯೋ ತನಕ ಕಾಯೋ ಲೈಫ್‌ಲೈನ್ ಹಗ್ಗದ ಜೊತೆಗಿದ್ರೆ ಮಾತ್ರ. ಸ್ಯಾಡಲ್ (ಮರಕ್ಕೆ ಹಗ್ಗ ಕಟ್ಟಿ ನೇತು ಕೂರೋ ಸೊಂಟದ ಪಟ್ಟಿ) ಪಾರ್ಟಿಯವರು ಬೈಕೊಳ್ಳಿ ಪರವಾಗಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ಅಜ್ಜನ ಕಾಲದಲ್ಲಿ ಮರಸು ಕೂರೋದು ಅಂದ್ರೆ ಹಲಸಿನ ಮರದ ಕವಲಿಗೆ ನಾಲ್ಕು ದಬ್ಬೆ ಕಟ್ಟಿ, ಸೊಂಟಾನ ಹಗ್ಗದಲ್ಲಿ ಕೊಂಬೆಗೆ ಬಿಗಿದ್ಕೊಂಡು, ಕೋವಿ ತೊಡೆ ಮೇಲಿಟ್ಟು ಕಾಯೋದು. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಅದೆಲ್ಲ ಬರೀ ಕತೆ. ನಾನು ಕೋವಿ ಹಿಡಿದಿದ್ದೇ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದು, ಗ್ರೀನ್ ಕಾರ್ಡ್ ಆಗಿ, ಹಂಟರ್ ಕ್ಲಾಸ್ ಪಾಸ್ ಮಾಡಿ ಲೈಸೆನ್ಸ್ ತಗೊಂಡ್ಮೇಲೆ. ದೊಡ್ಡ ಬೇಟೆಗೆ ಇಲ್ಲಿ ಬಿಗ್ ಗೇಮ್ ಅಂತಾರೆ, ಹಾಗಂದ್ರೆ ಆನೆ ಹುಲಿ ಅನ್ಕೋಬೇಡಿ, ಇಲ್ಲಿ ಜಿಂಕೆ, ಕರಡಿ, ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಜೊತೆಗೆ ಟರ್ಕಿ ಕೋಳೀನೂ ಕಾನೂನಲ್ಲಿ ಬಿಗ್ ಗೇಮೇ! ನಾನು ಕೂರೋದು ಬಿಳಿಬಾಲದ ಜಿಂಕೆಗೆ, ಪರಿಚಯದವರ ಜಮೀನಲ್ಲಿ, 15 ಅಡಿಯ ಏಣಿ ಸ್ಟ್ಯಾಂಡಲ್ಲಿ, ಅಂದ್ರೆ ಮರಕ್ಕೆ ಒರಗಿಸಿ ಕಟ್ಟೋ, ತುದೀಲಿ ಸೀಟಿರೋ ಏಣಿ.

ಆ ಸ್ಟ್ಯಾಂಡ್ ಡಬ್ಬದಲ್ಲೇ ಒಂದು ಹಾರ್ನೆಸ್ ಫ್ರೀ ಬಂದಿತ್ತು. ಕೆಟ್ಟದ್ದು ಅಂತ ಹೇಳಲ್ಲ, ಬಿದ್ರೆ ಹಿಡಿಯೋ ಕೆಲಸ ಅದೂ ಮಾಡುತ್ತೆ. ಆದ್ರೆ ಚೀಲದಿಂದ ತೆಗೆದ್ರೆ ಬರೀ ಪಟ್ಟಿಗಳ ಸಿಕ್ಕು, ಬೆಳಗಿನ ಜಾವ 5 ಗಂಟೆ ಕತ್ತಲಲ್ಲಿ ದಪ್ಪ ಜಾಕೆಟ್ ಮೇಲೆ ಹಾಕೋಕೆ ಹೋಗಿ ಕಾಲಿನ ಪಟ್ಟಿಗೆ ಕೈ ತೂರಿಸಿ ನಿಂತಿದ್ದೆ. ಎರಡು ದಿನ ಹೋರಾಡಿದೆ, ಮೂರನೇ ದಿನ ಕಾರಲ್ಲೇ ಬಿಟ್ಟು ಹೋದೆ. ಏಣಿಯ ಮೂರನೇ ಮೆಟ್ಟಿಲಲ್ಲಿ ಬೂಟು ಜಾರ್ತು, ಮೊಣಕಾಲು ತರಚಿದ್ದು ಬಿಟ್ರೆ ಏನೂ ಆಗಲಿಲ್ಲ, ಆದ್ರೆ ಹನ್ನೆರಡನೇದ್ರಲ್ಲಿ ಜಾರಿದ್ರೆ ಅಂತ ಇಡೀ ದಿನ ಅದೇ ಯೋಚನೆ. ಸಾಯಂಕಾಲನೇ 120 ಡಾಲರ್ ಕೊಟ್ಟು ವೆಸ್ಟ್ ತಗೊಂಡೆ.

ವೆಸ್ಟ್ ಕೋಟಿನ ತರ, ತೋಳು ತೂರಿಸಿ ಎದೆ ಮುಂದೆ ಒಂದು ಬಕಲ್, ಕಾಲಿಗೆ ಎರಡು, ಮುಗೀತು. ಒಂದು ವಿಷಯ ನೆನಪಿಡಿ, ರೈಫಲ್ ಸೀಸನ್ನಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಿತ್ತಳೆ ಬಣ್ಣ ಸುತ್ತಲಿಂದ ಕಾಣಬೇಕು ಅಂತ ಇಲ್ಲಿನ ಕಾನೂನು, ಕಿತ್ತಳೆ ಬಟ್ಟೆ ಮೇಲೆ ಕ್ಯಾಮೊ (ಕಾಡಿನ ಬಣ್ಣದ) ವೆಸ್ಟ್ ಹಾಕ್ಕೊಂಡ್ರೆ ಅದು ಮುಚ್ಚಿಹೋಗುತ್ತೆ, ನಾನು ಕಿತ್ತಳೇದನ್ನ ಎಲ್ಲದರ ಮೇಲೆ ಹಾಕಿ ಬೆನ್ನಲ್ಲಿ ಟೆದರ್ (ಹಾರ್ನೆಸ್ಸನ್ನ ಮರಕ್ಕೆ ಜೋಡಿಸೋ ಪಟ್ಟಿ) ಬರೋಕೆ ಸಂದಿ ಬಿಡ್ತೀನಿ.

ತಗೊಂಡ ವಾರ ಮನೆ ಹಿಂದಿನ ಮರಕ್ಕೆ ಕಟ್ಟಿ, ನೆಲದಿಂದ ಒಂದಡಿ ಮೇಲೆ ನೇತಾಡಿ ನೋಡಿದೆ. ನೀವೂ ಮಾಡಿ, ಆದ್ರೆ ಪಕ್ಕದಲ್ಲಿ ಯಾರಾದ್ರೂ ಇರ್ಲಿ. ಟೆದರ್ ಬೆನ್ನಿಂದ ಬರೋದ್ರಿಂದ ಮರ ಹಿಂದಕ್ಕೆ ಹೋಗುತ್ತೆ, ಮುಂದೆ ಹಿಡ್ಕೊಳ್ಳೋಕೆ ಗಾಳಿ ಬಿಟ್ರೆ ಏನಿಲ್ಲ, ತೊಡೆ ಸಂದೀಲಿ ಪಟ್ಟಿ ಕೊಯ್ಯುತ್ತೆ. ನನ್ನಾಕೆ ಕಾಫಿ ಲೋಟ ಹಿಡ್ಕೊಂಡು "ರೀ, ಬಾವಲಿ ತರ ಕಾಣ್ತಿದೀರಿ, ಇಳಿಸ್ಲಾ ಅಥವಾ ಹೀಗೇ ಇರ್ತೀರಾ" ಅಂದ್ಳು. ಎರಡೇ ನಿಮಿಷಕ್ಕೆ ಕಾಲು ಜುಮ್ಮು. ಅಲ್ಲಾಡದೆ ನೇತಾಡಿದ್ರೆ ರಕ್ತ ಕಾಲಲ್ಲೇ ನಿಂತು ಪ್ರಜ್ಞೆ ತಪ್ಪಬಹುದು, ಅದಕ್ಕೇ ಕಾಲಿಟ್ಟು ನಿಲ್ಲೋಕೆ ಒಂದು ಕುಣಿಕೆ ಪಟ್ಟಿ ಕೊಟ್ಟಿರ್ತಾರೆ, ಅದು ಬ್ಯಾಗಲ್ಲಲ್ಲ, ಕೈಗೆ ಸಿಗೋ ಜೇಬಲ್ಲಿರಬೇಕು. ಫೋನೂ ಅಷ್ಟೇ.

ಈಗ ತಲೆನೋವಿನ ವಿಷಯ, ಲೈಫ್‌ಲೈನ್. ಬೀಳೋದು ಹೆಚ್ಚು ಹತ್ತುವಾಗ, ಇಳಿಯುವಾಗ, ಏಣಿಯಿಂದ ಸೀಟಿಗೆ ದಾಟುವಾಗ. ಮೇಲೆ ಕೂತ್ಮೇಲೆ ಕ್ಲಿಪ್ ಹಾಕಿದ್ರೆ ಅರ್ಧ ಕೆಲಸ ಆದಂಗೆ. ಅದಕ್ಕೆ ಸೀಟಿನ ಮೇಲಿಂದ ನೆಲದ ತನಕ ಒಂದು ಹಗ್ಗ, ಅದರ ಮೇಲೆ ಟೆದರ್ ಸಿಕ್ಕಿಸೋ ಪ್ರೂಸಿಕ್ ಗಂಟು, ತಳ್ಳಿದ್ರೆ ಜಾರುತ್ತೆ, ಭಾರ ಬಿದ್ರೆ ಕಚ್ಕೊಳ್ಳುತ್ತೆ. ಕೇಳೋಕೆ ಚೆಂದ. ಓಪನಿಂಗ್ ದಿನ (ಜಿಂಕೆ ರೈಫಲ್ ಸೀಸನ್ನಿನ ಮೊದಲ ದಿನ, 2019ರಿಂದ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ, ಮೊದಲು ಸೋಮವಾರ ಇತ್ತು, ಅದರ ಜಗಳ ಇನ್ನೂ ನಿಂತಿಲ್ಲ) ಹಿಂದಿನ ರಾತ್ರಿ ಸೋನೆ ಮಳೆ ಬಂದು ಬೆಳಿಗ್ಗೆ ಹೆಪ್ಪುಗಟ್ಟಿತ್ತು. ಗಂಟು ಹಗ್ಗಕ್ಕೆ ಬೆಸುಗೆ ಹಾಕಿದಂಗೆ ಅಂಟಿದೆ. ಗ್ಲೌಸ್ ತೆಗೆದು ಉಗುರಲ್ಲಿ ಕೆರೆದೆ, ಬಾಯಿಂದ ಊದಿದೆ, ಕೊನೆಗೆ ಫ್ಲಾಸ್ಕಿನ ಬಿಸಿ ಮುಚ್ಚಳ ಒತ್ತಿ ಹಿಡಿದೆ, ಆಮೇಲೆ ಸಡಿಲ ಆಯ್ತು.

ಸರಿ ಅಂತ ಹತ್ತಿದ್ರೆ ಇನ್ನೊಂದು ರಗಳೆ. ಒಂದು ಕೈ ಏಣಿಗೆ, ಇನ್ನೊಂದರಲ್ಲಿ ಗಂಟು ಮೇಲೆ ತಳ್ಳಬೇಕು, ಗಂಟಿನ ಜೊತೆ ಹಗ್ಗಾನೂ ಮೇಲೆ ಬರುತ್ತೆ, ಹಗ್ಗದಲ್ಲಿ ಗಂಟು ಇದ್ದ ಜಾಗದಲ್ಲೇ ಇರುತ್ತೆ! ನಾಲ್ಕು ಮೆಟ್ಟಿಲಿಗೆ ಹತ್ತು ನಿಮಿಷ. ಬಿಚ್ಚಿ ಹಾಕಿ ಸೀದಾ ಹತ್ಬಿಡೋಣ ಅಂತ ಕೈ ಕ್ಲಿಪ್ ತನಕ ಹೋಗಿತ್ತು. ಪರಿಹಾರ ಆಮೇಲೆ ಗೊತ್ತಾಗಿದ್ದು, ತೀರಾ ಸಿಂಪಲ್: ಹಗ್ಗದ ಕೆಳತುದೀನ ಮರದ ಬುಡಕ್ಕೆ ಬಿಗಿಯಾಗಿ ಎಳೆದು ಕಟ್ಟೋದು. ಹಗ್ಗ ನೆಟ್ಟಗಿದ್ರೆ ಗಂಟು ಒಂದೇ ಕೈಯಲ್ಲಿ ಬೆಣ್ಣೆ ತರ ಜಾರುತ್ತೆ. ಹಗ್ಗಕ್ಕೆ 40 ಡಾಲರ್, ಈ ಬುದ್ಧಿಗೆ ಒಂದು ಸೀಸನ್.

ಕೋವಿ ಯಾವತ್ತೂ ಜೊತೆಗೆ ಹತ್ತಿಸಲ್ಲ. ತೋಟಾ ತೆಗೆದು, ಬೋಲ್ಟ್ ತೆರೆದು, ನಳಿಗೆ ಕೆಳಮುಖವಾಗಿ ಹಗ್ಗಕ್ಕೆ ಕಟ್ಟಿ, ನಾನು ಕೂತು ಕ್ಲಿಪ್ ಆದ್ಮೇಲೆ ಎಳ್ಕೊಳ್ಳೋದು.

ಸ್ಯಾಡಲ್ ತಗೊಂಡಿದ್ದು ಹೊಟ್ಟೆಕಿಚ್ಚಿಗೆ, ಗೆಳೆಯರೆಲ್ಲ ಅದನ್ನೇ ಹೊಗಳ್ತಿದ್ರು. ಸ್ಯಾಡಲ್, ಕಾಲಿಡೋ ಪ್ಲಾಟ್‌ಫಾರ್ಮ್, ಮರಕ್ಕೆ ಕಟ್ಟಿ ಹತ್ತೋ ಸ್ಟಿಕ್ಸ್ ಸೇರಿ 600 ಡಾಲರ್ ಹತ್ರ. ಹಾಕ್ಕೊಂಡು ಮರಕ್ಕೆ ಮುಖ ಮಾಡಿ ನೇತುಬಿದ್ರೆ ಥೇಟ್ ಅಡಿಕೆ ಕೊನೆಗಾರ, ಅವನಷ್ಟು ಚುರುಕು ಮಾತ್ರ ಇಲ್ಲ. ನ್ಯಾಯವಾಗಿ ಹೇಳ್ಬೇಕಂದ್ರೆ ಹಗ್ಗ ಯಾವಾಗ್ಲೂ ಎದುರಿಗೆ, ಬಿಗಿಯಾಗಿ ಇರುತ್ತೆ, ಸಡಿಲ ಬಿಡದಿದ್ರೆ ಬೀಳೋಕೆ ಜಾಗಾನೇ ಇಲ್ಲ, ಬಾವಲಿ ಆಗೋ ಪ್ರಶ್ನೆ ಬರಲ್ಲ. ಹಿಂದಿಂದ ಜಿಂಕೆ ಬಂದ್ರೂ ಮರ ಸುತ್ತಿ ತಿರುಗಬಹುದು. ಸರ್ಕಾರಿ ಗೇಮ್ ಲ್ಯಾಂಡಲ್ಲಿ (ಬೇಟೆಗೆ ಬಿಟ್ಟ ಸರ್ಕಾರಿ ಜಾಗ) ಮೈಲಿಗಟ್ಟಲೆ ನಡೆದು ದಿನಕ್ಕೊಂದು ಮರ ಹುಡುಕೋ ಹುಡುಗರಿಗೆ ಅದೇ ಸರಿ, ಅಲ್ಲಿ ಹೇಗೂ ಮರಕ್ಕೆ ಮೊಳೆ ಸ್ಕ್ರೂ ಹಾಕಂಗಿಲ್ಲ.

ನಂದು ಬೇರೆ ಕತೆ. ವಯಸ್ಸು 47, ಇರೋದು ಎರಡೇ ಸ್ಟ್ಯಾಂಡು, ಅವು ವರ್ಷ ವರ್ಷ ಅದೇ ಮರದಲ್ಲಿ. ಐದು ಗಂಟೆ ಕೂತ್ರೆ ಸ್ಯಾಡಲಲ್ಲಿ ಸೊಂಟದ ಎರಡೂ ಕಡೆ ಇಕ್ಕಳ ಹಾಕಿದಂಗೆ, ಮಂಡಿ ಮರಕ್ಕೆ ಒತ್ತಿ ಒತ್ತಿ ಮಾರನೇ ದಿನ ಆಫೀಸಲ್ಲಿ ಮೆಟ್ಟಿಲು ಹತ್ತೋಕಾಗಲ್ಲ. ಇನ್ನು 9 ಗಂಟೆ ಬಿಸಿಲು ಬಿದ್ರೆ ನಂಗೆ ತೂಕಡಿಕೆ ಗ್ಯಾರಂಟಿ. ವೆಸ್ಟಲ್ಲಿ ಟೆದರನ್ನ ತಲೆಗಿಂತ ಮೇಲೆ, ಕೂತಾಗ ಸಡಿಲ ಉಳಿಯದಂಗೆ ಕಟ್ಟಿ, ಮರಕ್ಕೆ ಒರಗಿ ಹಾಯಾಗಿ ಒಂದು ಜೊಂಪು ತೆಗೀಬಹುದು.

ಸ್ಯಾಡಲ್ ಈಗ ಬೇಸ್‌ಮೆಂಟಲ್ಲಿದೆ, ಗೆಳೆಯನ ಮಗ ಕಣ್ಣಿಟ್ಟಿದ್ದಾನೆ, 350ಕ್ಕೆ ಕೊಡ್ತೀನಿ ಅಂದಿದ್ದೀನಿ. ವೆಸ್ಟಿನ ಲೇಬಲ್ ಹೋದ ವಾರ ನೋಡಿದೆ, ಕಂಪನಿ ಹೇಳಿದ 5 ವರ್ಷ ಬರೋ ಆಗಸ್ಟಿಗೆ ಮುಗಿಯುತ್ತೆ. ಅದನ್ನೇ ಇನ್ನೊಂದು ತಗೊಳ್ತೀನಿ, ಈ ಸಲ ಒಂದು ಸೈಜ್ ದೊಡ್ಡದು.