ಸೈನಿಕನ ಹೆಂಡತಿ ಬರೆದ ಡ್ರ್ಯಾಗನ್ ಕಥೆ: ರೆಬೆಕಾ ಯಾರೋಸ್ ಅವರ 'ಫೋರ್ತ್ ವಿಂಗ್'

ಈ ಕಾದಂಬರಿಯನ್ನು ನಾನು ಎರಡು ಸಲ ಕೊಂಡೆ. ಮೊದಲನೆಯದು ಬಸ್ ನಿಲ್ದಾಣದ ಎದುರಿನ ಫುಟ್‌ಪಾತಿನಲ್ಲಿ ಹಾಸಿದ್ದ ಟಾರ್ಪಾಲಿನ ಮೇಲಿಂದ ಎತ್ತಿಕೊಂಡ ಪ್ರತಿ. ಮುಖಪುಟದ ಬಣ್ಣ ಮಾಸಿತ್ತು, ಕಾಗದ ಹಿಂದಿನ ಪುಟದ ಅಕ್ಷರ ಕಾಣುವಷ್ಟು ತೆಳುವಾಗಿತ್ತು, ಅಷ್ಟನ್ನು ಸಹಿಸಿಕೊಳ್ಳಬಹುದಿತ್ತು. ಆದರೆ ಡ್ರ್ಯಾಗನ್‌ಗಳು ತಮ್ಮ ಸವಾರರನ್ನು ಆರಿಸಿಕೊಳ್ಳುವ ದಿನ ಹತ್ತಿರವಾಗುತ್ತಿದ್ದಂತೆಯೇ ಒಟ್ಟಿಗೆ ಮುದ್ರಿಸಿ ಮಡಚುವ 16 ಪುಟಗಳ ಒಂದು ಕಂತೆ, ಅಂದರೆ ಒಂದು ಫಾರಂ, ಮಾಯವಾಗಿ, ಅದರ ಜಾಗದಲ್ಲಿ ಹಿಂದಿನ ಫಾರಂ ಮತ್ತೊಮ್ಮೆ ಅಂಟಿಕೊಂಡು ಕುಳಿತಿತ್ತು. ಕದ್ದು ಮುದ್ರಿಸಿದ ಪುಸ್ತಕವನ್ನು ಕೊಂಡವನಿಗೆ ದೂರುವ ಹಕ್ಕಾದರೂ ಎಲ್ಲಿಯದು? ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಪೂರ್ಣ ಬೆಲೆ ಕೊಟ್ಟು ಅಸಲಿ ಪ್ರತಿಯನ್ನು ತಂದೆ. ಪ್ರೇಮಕಾದಂಬರಿಯೊಂದಕ್ಕಾಗಿ ನಾನು ಹೀಗೆ ಓಡಿದ್ದು ಬಹಳ ವರ್ಷಗಳ ನಂತರ.

ಯಾರೋಸ್ ಅವರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯವಾದದ್ದು 2023ರ ಮೇ ತಿಂಗಳಲ್ಲಿ ಈ ಪುಸ್ತಕ ಪ್ರಕಟವಾದ ಮೇಲೆ. ಹಾಗಾಗಿ ಇದು ಹೊಸ ಲೇಖಕಿಯ ಚೊಚ್ಚಲ ಕೃತಿಯೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಅವರು 2014ರಿಂದಲೇ ಪ್ರಕಟವಾಗುತ್ತಿರುವ, ಸಮಕಾಲೀನ ಪ್ರೇಮಕಥೆಗಳಲ್ಲಿ ಕೈ ಪಳಗಿಸಿಕೊಂಡ ಅಮೆರಿಕದ ಲೇಖಕಿ. ಅವರು ಹುಟ್ಟಿದ್ದು ಸೈನಿಕ ಕುಟುಂಬದಲ್ಲಿ. ಮದುವೆಯಾದದ್ದು ಸೇನೆಯ ಅಪಾಚೆ ಹೆಲಿಕಾಪ್ಟರ್ ಪೈಲಟ್‌ನನ್ನು. ಬರವಣಿಗೆಗೆ ಕುಳಿತದ್ದು ಪತಿ ಅಫ್ಘಾನಿಸ್ತಾನದಲ್ಲಿದ್ದ ದಿನಗಳಲ್ಲಿ, ಮನೆ ತುಂಬ ಮಕ್ಕಳನ್ನು ಕಟ್ಟಿಕೊಂಡು. ಅವರ ಮೊದಲ ಕಾದಂಬರಿ 'ಫುಲ್ ಮೆಷರ್ಸ್' ಶುರುವಾಗುವುದೇ, ಯುದ್ಧಭೂಮಿಯಿಂದ ಸಾವಿನ ಸುದ್ದಿ ತಂದ ಸೇನಾಧಿಕಾರಿಗಳು ಮನೆಯ ಬಾಗಿಲು ತಟ್ಟುವುದರಿಂದ. ಯಾವ ಸೈನಿಕನ ಹೆಂಡತಿಯೂ ಕನಸಿನಲ್ಲಿ ಕೂಡ ಕೇಳಲು ಬಯಸದ ಆ ತಟ್ಟುವಿಕೆಯ ಶಬ್ದ ಅವರ ಮುಂದಿನ ಎಲ್ಲ ಬರವಣಿಗೆಯ ಕೆಳಗೂ ಸಣ್ಣಗೆ ಕೇಳಿಸುತ್ತಲೇ ಇರುತ್ತದೆ ಎಂದು ನನ್ನ ಅನಿಸಿಕೆ. ಡ್ರ್ಯಾಗನ್‌ಗಳ ಈ ಕಥೆಯನ್ನು ನಾನು ಓದಿದ್ದೂ ಅದೇ ಶಬ್ದಕ್ಕೆ ಕಿವಿಗೊಟ್ಟು.

ಕಥೆಯ ಚೌಕಟ್ಟು ಸರಳವಾದದ್ದು. ನವಾರ್ ಎಂಬ ದೇಶ ಹಲವು ಶತಮಾನಗಳಿಂದ ನೆರೆರಾಜ್ಯದೊಡನೆ ಯುದ್ಧದಲ್ಲಿದೆ. ಅದರ ಬಾಸ್ಗಿಯತ್ ಯುದ್ಧ ಕಾಲೇಜಿನಲ್ಲಿ ಡ್ರ್ಯಾಗನ್ ಸವಾರರನ್ನು ತಯಾರು ಮಾಡುತ್ತಾರೆ; ತಯಾರಾಗದವರು ಸಾಯುತ್ತಾರೆ. 20 ವರ್ಷದ ವಯಲೆಟ್ ಸಾರೆಂಗೇಲ್ ತಂದೆಯ ದಾರಿಯಲ್ಲಿ ಲಿಪಿಕಾರರ ವಿಭಾಗ ಸೇರಿ ಪುಸ್ತಕಗಳ ನಡುವೆ ಬದುಕಲು ಸಿದ್ಧಳಾಗಿದ್ದವಳು. ಆದರೆ ಕಾಲೇಜಿನ ಮುಖ್ಯಸ್ಥೆಯಾಗಿರುವ ಅವಳ ತಾಯಿ, ಜನರಲ್ ಲಿಲಿತ್, ಮಗಳನ್ನು ಸವಾರರ ವಿಭಾಗಕ್ಕೇ ತಳ್ಳುತ್ತಾಳೆ. ವಯಲೆಟ್ ಕುಳ್ಳಿ, ಅವಳ ಕೀಲುಗಳು ಸುಲಭವಾಗಿ ತಪ್ಪುತ್ತವೆ, ಮೂಳೆಗಳು ಬೇಗ ಮುರಿಯುತ್ತವೆ. ಅಲ್ಲಿ ಅವಳಿಗೆ ಎದುರಾಗುವ ಹಿರಿಯ ವಿದ್ಯಾರ್ಥಿ ಜೇಡನ್ ರಿಯೋರ್ಸನ್. ಮರಣದಂಡನೆಗೆ ಗುರಿಯಾದ ಬಂಡಾಯದ ನಾಯಕನ ಮಗನಾದ ಅವನಿಗೆ ಈ ಹುಡುಗಿಯ ತಾಯಿಯನ್ನು ದ್ವೇಷಿಸಲು ಬೇಕಾದಷ್ಟು ಕಾರಣಗಳಿವೆ. ಮುಂದೇನಾಗುತ್ತದೆ ಎಂಬುದನ್ನು ಪ್ರೇಮಕಾದಂಬರಿ ಓದಿ ಅಭ್ಯಾಸವಿರುವ ಯಾರಾದರೂ ಹತ್ತನೇ ಪುಟದಲ್ಲಿಯೇ ಊಹಿಸಬಲ್ಲರು, ಮತ್ತು ಹಾಗೆ ಊಹಿಸಿದ್ದರಿಂದ ಅವರಿಗೆ ನಷ್ಟವೇನೂ ಇಲ್ಲ.

ಆರಂಭದ ಒಂದು ದೃಶ್ಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಲೇಖಕಿಯ ಕಸುಬುದಾರಿಕೆ ಅಲ್ಲಿಯೇ ಬಯಲಾಗುತ್ತದೆ. ಕಾಲೇಜಿಗೆ ಪ್ರವೇಶ ಪಡೆಯಬೇಕಾದರೆ ಕಣಿವೆಯ ಮೇಲೆ ಹಾಯ್ದಿರುವ, ಹಿಡಿದುಕೊಳ್ಳಲು ಕಂಬಿಯಿಲ್ಲದ, ಅತಿ ಕಿರಿದಾದ ಕಲ್ಲಿನ ಸೇತುವೆಯೊಂದನ್ನು ದಾಟಬೇಕು. ಮಳೆ ಬೀಳುತ್ತಿದೆ. ಸರತಿಯಲ್ಲಿ ನಿಂತಿರುವಾಗ ವಯಲೆಟ್‌ಗೆ ಪರಿಚಯವಾದ ರಿಯಾನನ್ ಎಂಬ ಹುಡುಗಿಯ ಬೂಟುಗಳ ಅಡಿ ನುಣುಪಾಗಿದೆ. ಒದ್ದೆ ಕಲ್ಲಿನ ಮೇಲೆ ಅದು ಜಾರುವುದು ಖಚಿತ. ವಯಲೆಟ್ ತನ್ನ ಹಿಡಿತವಿರುವ ಬೂಟುಗಳಲ್ಲಿ ಒಂದನ್ನು ಕಳಚಿ ಅವಳಿಗೆ ಕೊಟ್ಟು, ಅವಳ ಒಂದನ್ನು ತಾನು ಹಾಕಿಕೊಳ್ಳುತ್ತಾಳೆ. ಇಬ್ಬರೂ ಒಂದು ಕಾಲು ಗಟ್ಟಿ, ಒಂದು ಕಾಲು ಜಾರು ಎಂಬ ಸ್ಥಿತಿಯಲ್ಲಿ ಸೇತುವೆ ಹತ್ತುತ್ತಾರೆ. ನಾಯಕಿ ಒಳ್ಳೆಯವಳು, ಉದಾರಿ, ಆದರೆ ಮೂರ್ಖಳಲ್ಲ ಎಂಬುದನ್ನು ಒಂದು ವಾಕ್ಯದ ವರ್ಣನೆಯೂ ಇಲ್ಲದೆ ಒಂದು ಬೂಟಿನಿಂದ ಹೇಳಿ ಮುಗಿಸಿದ್ದಾರೆ. ಸೇತುವೆಯ ನಡುವೆ ಭಯವನ್ನು ಅದುಮಿಡಲು ಅವಳು ದೇಶದ ಇತಿಹಾಸ ಭೂಗೋಳಗಳನ್ನು, ಕತ್ತಲಲ್ಲಿ ಮಗ್ಗಿ ಹೇಳಿಕೊಳ್ಳುವ ಮಗುವಿನಂತೆ, ತನಗೆ ತಾನೇ ಒಪ್ಪಿಸಿಕೊಳ್ಳುತ್ತಾಳೆ. ಫ್ಯಾಂಟಸಿ ಬರೆಯುವವರಿಗೆಲ್ಲ ಇರುವ ಕಷ್ಟವೆಂದರೆ ತಾವು ಕಟ್ಟಿದ ಲೋಕದ ವಿವರಗಳನ್ನು ಓದುಗನಿಗೆ ಬೇಸರವಾಗದಂತೆ ತಲುಪಿಸುವುದು. ಆ ಹೊರೆಯನ್ನು ಇಲ್ಲಿ ನಾಯಕಿಯ ಹೆದರಿಕೆಯ ಮೇಲೆ ಹೊರಿಸಲಾಗಿದೆ. ಅದೇ ಉಪಾಯವನ್ನು ಮುಂದೆ ಮೂರು ನಾಲ್ಕು ಸಲ ಬಳಸಿದಾಗ ಅದು ಸವೆದುಹೋಗುತ್ತದೆ ಎಂಬುದು ಬೇರೆ ಮಾತು.

ಈ ದುರ್ಬಲ ಕೀಲುಗಳ ವಿಚಾರ ಕೇವಲ ಕಥೆಯ ಅನುಕೂಲಕ್ಕೆ ಹುಟ್ಟಿದ್ದಲ್ಲ. ಲೇಖಕಿಗೆ ಸ್ವತಃ ಎಲರ್ಸ್-ಡ್ಯಾನ್ಲೋಸ್ ಎಂಬ, ದೇಹದ ಸಂಯೋಜಕ ಅಂಗಾಂಶಗಳನ್ನು ಸಡಿಲಗೊಳಿಸುವ ಹುಟ್ಟು ಕಾಯಿಲೆಯಿದೆ. ಆದ್ದರಿಂದಲೇ ಮೊಣಕಾಲಿಗೆ ಬಟ್ಟೆ ಸುತ್ತುವುದು, ತಪ್ಪಿದ ಭುಜವನ್ನು ಮತ್ತೆ ಕೂರಿಸಿಕೊಂಡು ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುವುದು, ನೋವನ್ನು ಯಾರಿಗೆ ಎಷ್ಟು ಹೇಳಬೇಕೆಂದು ಲೆಕ್ಕ ಹಾಕುವುದು ಇವೆಲ್ಲ ಪುಸ್ತಕದಲ್ಲಿ ಅನುಭವದ ಖಚಿತತೆಯಿಂದ ಬಂದಿವೆ. ಕಾಯಿಲೆ ಮಾಯಾಶಕ್ತಿಯಿಂದ ವಾಸಿಯಾಗುವುದೂ ಇಲ್ಲ. ಡ್ರ್ಯಾಗನ್‌ನ ಬೆನ್ನಿನ ಮೇಲೆ ಅವಳು ಕುಳಿತಿರಲಾರಳು ಎಂದಾದಾಗ ಅವಳಿಗಾಗಿ ಒಂದು ಜೀನು ತಯಾರಾಗುತ್ತದೆ, ಅಷ್ಟೆ. ಕುಸ್ತಿಯ ಅಂಕಣದಲ್ಲಿ ಗೆಲ್ಲಲಾರೆನೆಂದು ತಿಳಿದಿರುವ ಅವಳು ಎದುರಾಳಿಗಳ ಹೆಸರನ್ನು ಮೊದಲೇ ಕಂಡುಕೊಂಡು, ಗಿಡಮೂಲಿಕೆಯ ಸಣ್ಣ ವಿಷವನ್ನು ಅವರಿಗೆ ಉಣ್ಣಿಸಿಟ್ಟಿರುತ್ತಾಳೆ. ಪುಸ್ತಕದ ಹುಳುವಾದ ಹುಡುಗಿಯ ಈ ಕಿಲಾಡಿತನ ನನಗೆ ಅವಳಿಗೆ ಮುಂದೆ ಒಲಿಯುವ ಸಿಡಿಲು ಮಿಂಚಿನ ಮಾಯಾಶಕ್ತಿಗಿಂತ ಹೆಚ್ಚು ಇಷ್ಟವಾಯಿತು.

ಇನ್ನು ಪ್ರೇಮದ ವಿಷಯ. ದ್ವೇಷಿಸುವ ಇಬ್ಬರನ್ನು ಒಂದೇ ಸೂರಿನಡಿ ತಂದು ಕೂರಿಸುವುದು ಈ ಬಗೆಯ ಕಾದಂಬರಿಗಳ ಅತಿ ಹಳೆಯ ತಂತ್ರ. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ಅದು ಒಪ್ಪಂದದ ಮದುವೆಯ ರೂಪದಲ್ಲಿಯೋ, ಹಿರಿಯರ ಉಯಿಲಿನ ಷರತ್ತಿನ ರೂಪದಲ್ಲಿಯೋ ಬರುತ್ತಿತ್ತು. ಯಾರೋಸ್ ಅದನ್ನು ಡ್ರ್ಯಾಗನ್‌ಗಳಿಗೆ ವಹಿಸಿದ್ದಾರೆ. ಡ್ರ್ಯಾಗನ್ ಸತ್ತರೆ ಸವಾರನೂ ಸಾಯುತ್ತಾನೆ ಎಂಬುದು ಈ ಲೋಕದ ನಿಯಮ. ವಯಲೆಟ್‌ಳನ್ನು ಆರಿಸಿಕೊಳ್ಳುವ ದೈತ್ಯ ಕಪ್ಪು ಡ್ರ್ಯಾಗನ್ ಟೇರ್ನ್, ಜೇಡನ್‌ನ ಡ್ರ್ಯಾಗನ್ ಸ್ಗೇಲ್‌ಳ ಸಂಗಾತಿ. ಆ ಜೋಡಿ ಬಹಳ ದಿನ ಅಗಲಿ ಇರಲಾರದು, ಒಂದು ಹೋದರೆ ಇನ್ನೊಂದು ಉಳಿಯುವ ಭರವಸೆಯೂ ಇಲ್ಲ. ಹೀಗಾಗಿ ವಯಲೆಟ್‌ಗೆ ಏನಾದರೂ ಆದರೆ ಅದು ಸರಪಳಿಯಂತೆ ಜೇಡನ್‌ನ ಪ್ರಾಣದವರೆಗೆ ಬಂದು ಮುಟ್ಟುತ್ತದೆ. ಕೊಲ್ಲಬೇಕೆಂದುಕೊಂಡಿದ್ದವಳನ್ನು ಅವನೇ ಕಾಯಬೇಕಾಗುತ್ತದೆ. ಈ ಗಂಟನ್ನು ನೋಡಿದಾಗ ನನಗೆ ತೋರಿದ್ದೇನೆಂದರೆ, ಫ್ಯಾಂಟಸಿಯ ಲೇಖಕರು ಮೊದಲು ಲೋಕವನ್ನು ಕಟ್ಟಿ ಆಮೇಲೆ ಅದರೊಳಗೆ ಪ್ರೇಮಿಗಳನ್ನು ಬಿಡುತ್ತಾರೆ, ಆದರೆ ಪ್ರೇಮಕಾದಂಬರಿಯಿಂದ ಬಂದ ಈ ಲೇಖಕಿ ಪ್ರೇಮಿಗಳ ನಡುವಿನ ತೊಡಕನ್ನು ಮೊದಲು ಹೆಣೆದು, ಆ ತೊಡಕಿಗೆ ಎಷ್ಟು ಬೇಕೋ ಅಷ್ಟೇ ಲೋಕವನ್ನು ಕಟ್ಟಿದ್ದಾರೆ.

ಹಳೆಯ ಸರಂಜಾಮು ಹೊಸ ಮನೆಯಲ್ಲಿ ಹೇಗೆ ಬಳಕೆಯಾಗಿದೆ ಎಂಬುದಕ್ಕೆ ಇನ್ನೂ ಎರಡು ಗುರುತುಗಳಿವೆ. 2019ರ 'ದ ಲಾಸ್ಟ್ ಲೆಟರ್' ಕಾದಂಬರಿಯಲ್ಲಿ ಮುಖ ನೋಡದ ಸೈನಿಕನೊಬ್ಬನ ಜೊತೆ ನಾಯಕಿ ಪತ್ರ ವ್ಯವಹಾರ ನಡೆಸುತ್ತಾಳೆ. ಇಲ್ಲಿ ಪತ್ರಗಳ ಸ್ಥಾನದಲ್ಲಿ ಡ್ರ್ಯಾಗನ್‌ಗಳ ಮೂಲಕ ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ಹರಿಯುವ ಮಾತುಗಳಿವೆ, ಮತ್ತು ತುಂಬಿದ ಸಭೆಯಲ್ಲಿ ಇಬ್ಬರೇ ಮಾತನಾಡಿಕೊಳ್ಳುವ ಆ ಗುಟ್ಟಿನ ಸುಖ ಎರಡೂ ಪುಸ್ತಕಗಳಲ್ಲಿ ಒಂದೇ. ಎರಡನೆಯದು, ಕಾಲೇಜಿನ ಅಂಗಳದಲ್ಲಿ ಪ್ರತಿದಿನ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಿಂದಿನ ದಿನ ಸತ್ತವರ ಹೆಸರುಗಳನ್ನು ಓದುವ ಕ್ರಮ. ಓದುವವನ ಧ್ವನಿಯಲ್ಲಿ ಏರಿಳಿತವಿಲ್ಲ; ಓದಿ ಮುಗಿದ ಮೇಲೆ ತರಗತಿಗಳು ನಡೆಯುತ್ತವೆ. ಸೇತುವೆಯ ಮೇಲಿನ ಸಾವುಗಳಿಗಿಂತ ಈ ಬೆಳಗಿನ ಹಾಜರಿಯೇ ನನ್ನನ್ನು ಹೆಚ್ಚು ಕಲಕಿತು, ಬಾಗಿಲು ತಟ್ಟುವ ಶಬ್ದ ಇಲ್ಲಿ ಮತ್ತೆ ಕೇಳಿಸಿತು.

ದೋಷಗಳೂ ಸಣ್ಣವಲ್ಲ. ಬಿಲ್ಲು, ಕಠಾರಿ, ಡ್ರ್ಯಾಗನ್‌ಗಳ ಕಾಲದ ಹುಡುಗ ಹುಡುಗಿಯರು ಇಂದಿನ ಅಮೆರಿಕದ ಹಾಸ್ಟೆಲಿನ ಭಾಷೆಯಲ್ಲಿ ಬೈದಾಡುತ್ತಾರೆ; ಕೆಲವರಿಗೆ ಇದು ಚುರುಕಾಗಿ ಕಾಣಬಹುದು, ನನಗೆ ಪ್ರತಿಸಲವೂ ರಂಗದ ಮೇಲೆ ರಾಜನ ಕೈಗಡಿಯಾರ ಕಂಡಂತಾಯಿತು. ಹೆಸರುಗಳು ಮತ್ತು ಪದಗಳಿಗೆ ಲೇಖಕಿ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಿಂದ ಧಾರಾಳವಾಗಿ ಎರವಲು ಪಡೆದಿದ್ದಾರೆ, ಆದರೆ ಅವುಗಳನ್ನು ಅವರು ಉಚ್ಚರಿಸಿದ ರೀತಿಗೆ ಆ ಭಾಷೆಯನ್ನಾಡುವವರು ಬಹಿರಂಗವಾಗಿಯೇ ಆಕ್ಷೇಪಿಸಿದ್ದರು. ಕಡಿಮೆ ಜನ ಆಡುವ ಭಾಷೆಯೊಂದನ್ನು ಬರೀ ನಾದಕ್ಕಾಗಿ ಬಳಸಿಕೊಂಡಾಗ ಅದರ ಮಕ್ಕಳಿಗೆ ಏನನ್ನಿಸುತ್ತದೆ ಎಂಬುದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಲ್ಯದ ಗೆಳೆಯ ಡೇನ್ ಪಾತ್ರವಂತೂ "ನೀನು ಲಿಪಿಕಾರರ ವಿಭಾಗಕ್ಕೆ ಹೋಗಿಬಿಡು" ಎಂದು ಹೇಳಿದ್ದನ್ನೇ ಹೇಳುತ್ತ ಅರ್ಧ ಪುಸ್ತಕ ಕಳೆಯುತ್ತದೆ. ನೆರೆರಾಜ್ಯದ ಜನ ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ, ಯುದ್ಧಕ್ಕೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳುವ ಓದುಗನಿಗೆ ಉತ್ತರ ಸಿಗುವುದಿಲ್ಲ.

ಇದು ಮಕ್ಕಳ ಪುಸ್ತಕವಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಾಲೇಜು, ಡ್ರ್ಯಾಗನ್ ಎಂದೊಡನೆ ಹೈಸ್ಕೂಲಿನ ಮಕ್ಕಳಿಗೆ ಉಡುಗೊರೆ ಕೊಡುವವರಿದ್ದಾರೆ. ಪುಸ್ತಕದ ಉತ್ತರಾರ್ಧದಲ್ಲಿ ಬರುವ ಶೃಂಗಾರ ವಯಸ್ಕರಿಗಾಗಿ, ಯಾವ ತೆರೆಯನ್ನೂ ಇಳಿಬಿಡದೆ ಬರೆದದ್ದು.

ಪ್ರಕಟಣೆಯ ಕಥೆಯೂ ಗಮನಿಸತಕ್ಕದ್ದು. ಯಾರೋಸ್ ಅವರ ಮೊದಲ ಕಾದಂಬರಿಯನ್ನು ತಂದ ಎಂಟ್ಯಾಂಗಲ್ಡ್ ಎಂಬುದು ಪ್ರೇಮಕಾದಂಬರಿಗಳಿಗೇ ಹೆಸರಾದ ಪ್ರಕಾಶನ. ಫ್ಯಾಂಟಸಿ ಬರೆಯಬೇಕೆಂದಾಗ ಅವರು ಆ ಮನೆಯನ್ನು ಬಿಟ್ಟು ಬೇರೆ ಬಾಗಿಲಿಗೆ ಹೋಗಲಿಲ್ಲ. ಅದೇ ಸಂಸ್ಥೆ 'ರೆಡ್ ಟವರ್ ಬುಕ್ಸ್' ಎಂಬ ಹೊಸ ಉಪಪ್ರಕಾಶನವನ್ನು ಹುಟ್ಟುಹಾಕಿ ಈ ಪುಸ್ತಕವನ್ನು ಅದರ ಮೊದಲ ಕೃತಿಗಳಲ್ಲಿ ಒಂದಾಗಿ ಹೊರತಂದಿತು. ಆರೇ ತಿಂಗಳಲ್ಲಿ, 2023ರ ನವೆಂಬರಿನಲ್ಲಿ, ಎರಡನೆಯ ಭಾಗ 'ಐರನ್ ಫ್ಲೇಮ್' ಬಂತು. 2025ರ ಜನವರಿಯಲ್ಲಿ ಬಂದ ಮೂರನೆಯ ಭಾಗ 'ಓನಿಕ್ಸ್ ಸ್ಟಾರ್ಮ್' ಮೊದಲ ವಾರದಲ್ಲಿಯೇ 27 ಲಕ್ಷ ಪ್ರತಿಗಳು ಮಾರಾಟವಾದವು. ಇಷ್ಟು ಗದ್ದಲದ ನಡುವೆಯೂ ಲೇಖಕಿ ತಮ್ಮ ಹಳೆಯ ಬೀದಿಯನ್ನು ಮರೆತಿಲ್ಲ. 2023 ಮತ್ತು 2024ರಲ್ಲಿ ಡ್ರ್ಯಾಗನ್‌ಗಳ ಸುಳಿವಿಲ್ಲದ ಸಮಕಾಲೀನ ಪ್ರೇಮಕಥೆಗಳನ್ನೂ ಪ್ರಕಟಿಸಿದ್ದಾರೆ.

ಪ್ರೇಮಕಥೆ ಮತ್ತು ಅದ್ಭುತ ಲೋಕಗಳ ಈ ಬೆರಕೆಗೆ ಇಂಗ್ಲಿಷಿನವರು 'ರೊಮ್ಯಾಂಟಸಿ' ಎಂದು ಹೆಸರಿಟ್ಟು ಹೊಸ ಸರಕಿನಂತೆ ಮಾರುತ್ತಿರುವುದನ್ನು ನೋಡಿದಾಗ ನನಗೆ ಸ್ವಲ್ಪ ನಗು ಬರುತ್ತದೆ. ನಾವು ಇಡೀ ಸಾಹಿತ್ಯಪ್ರಕಾರವನ್ನು ಕರೆಯುವ 'ಕಾದಂಬರಿ' ಎಂಬ ಹೆಸರೇ ಗಂಧರ್ವ ಕನ್ಯೆಯೊಬ್ಬಳದು. ಬಾಣನು ಸಂಸ್ಕೃತದಲ್ಲಿ ಬರೆದ, ನಾಗವರ್ಮನು ಕನ್ನಡಕ್ಕೆ ಚಂಪೂ ರೂಪದಲ್ಲಿ ತಂದ ಆ ಕಥೆಯಲ್ಲಿ ಪ್ರೇಮಿಗಳು ಸತ್ತು ಮತ್ತೆ ಹುಟ್ಟುತ್ತಾರೆ, ಶಾಪಕ್ಕೊಳಗಾಗಿ ಗಿಳಿಯಾಗುತ್ತಾರೆ. ನೇಮಿಚಂದ್ರನ 'ಲೀಲಾವತಿ'ಯಲ್ಲಿ ರಾಜಕುಮಾರನೂ ರಾಜಕುಮಾರಿಯೂ ಒಬ್ಬರನ್ನೊಬ್ಬರು ಮೊದಲು ಕಾಣುವುದು ಕನಸಿನಲ್ಲಿ. ಆಮೇಲೆ ನಮ್ಮ ಜನಪ್ರಿಯ ಕಾದಂಬರಿಗಳು ಮನೆಯ ಹಜಾರಕ್ಕೆ, ಆಫೀಸಿಗೆ, ಮಲೆನಾಡಿನ ತೋಟಕ್ಕೆ ಬಂದು ನೆಲೆಸಿದವು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆಯವರನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಮರುದಿನ ಹಿಂತಿರುಗಿಸಲೇಬೇಕೆಂಬ ಆತುರದಲ್ಲಿ ರಾತ್ರಿ ಓದಿದವರಿಗೆ ಯಾರೋಸ್ ಅವರ ಪುಟಗಳ ಓಟ ಅಪರಿಚಿತವೆನಿಸಲಾರದು. ಪ್ರತಿ ಅಧ್ಯಾಯದ ಕೊನೆಯ ಸಾಲು "ಮುಂದುವರಿಯುವುದು" ಎಂಬ ಹಳೆಯ ಪದವನ್ನು ಬೇರೆ ಮಾತುಗಳಲ್ಲಿ ಹೇಳುತ್ತದೆ.

ಇಂಗ್ಲಿಷಿನಲ್ಲಿ ಹೆಚ್ಚು ಓದುವ ಅಭ್ಯಾಸವಿಲ್ಲದವರಿಗೂ ಇದು ಕಷ್ಟವಾಗದು. ವಾಕ್ಯಗಳು ಚಿಕ್ಕವು, ನಾಯಕಿಯೇ ವರ್ತಮಾನ ಕಾಲದಲ್ಲಿ ಕಥೆ ಹೇಳುತ್ತಾಳೆ, ಸುಮಾರು 500 ಪುಟಗಳು ಒಂದು ವಾರಾಂತ್ಯದಲ್ಲಿ ಮುಗಿಯುತ್ತವೆ. ಮೊದಲ ಪುಟಗಳಲ್ಲಿ ಬರುವ ಭೂಪಟವನ್ನು ದಾಟಿ ಹೋಗಬೇಡಿ, ಕೊನೆಯ ನೂರು ಪುಟಗಳಲ್ಲಿ ಅದಕ್ಕೆ ಮರಳಬೇಕಾಗುತ್ತದೆ. ಕೊನೆಯ ಅಧ್ಯಾಯವನ್ನು ನಾಯಕಿಯ ಬದಲು ಜೇಡನ್ ಹೇಳುತ್ತಾನೆ, ಅದನ್ನು ಮೊದಲೇ ತಿರುವಿ ನೋಡುವ ಚಪಲಕ್ಕೆ ಬಿದ್ದರೆ ಇಡೀ ಪುಸ್ತಕದ ಗುಟ್ಟು ಕೈಬಿಟ್ಟುಹೋಗುತ್ತದೆ. ಈ ಭಾಗವನ್ನು ಕೊಂಡು ಇಟ್ಟುಕೊಳ್ಳಬಹುದು. ಎರಡನೆಯದು ಇದಕ್ಕಿಂತ ದಪ್ಪ, ಇದರಷ್ಟು ಬಿಗಿಯಿಲ್ಲ, ಯಾರಿಂದಲಾದರೂ ಎರವಲು ತಂದು ಓದಿದರೆ ಸಾಕು. ಫುಟ್‌ಪಾತಿನ ಪ್ರತಿಯನ್ನು ನಾನು ಎಸೆದಿಲ್ಲ. ಅಕ್ಕನ ಮಗಳು ಅದನ್ನು ತನ್ನ ಹಾಸ್ಟೆಲಿಗೆ ಒಯ್ದಿದ್ದಾಳೆ, ಕಾಣೆಯಾದ 16 ಪುಟಗಳನ್ನು ನನ್ನ ಪ್ರತಿಯಿಂದ ಫೋಟೊ ತೆಗೆದು ಕಳಿಸುವಂತೆ ನಿನ್ನೆ ರಾತ್ರಿ ಹನ್ನೆರಡಕ್ಕೆ ಫೋನ್ ಬಂತು.