ಘೋಸ್ಟ್, ಫ್ಲೈಯಿಂಗ್ ಸ್ಪರ್, ಮೇಬ್ಯಾಕ್: ಹಿಂದಿನ ಸೀಟಿಗಾಗಿ ಒಂದು ಹೋಲಿಕೆ

ದುಬೈನ ಹೋಟೆಲೊಂದರಲ್ಲಿ ಅತಿಥಿಗಳ ಕಾರು ಓಡಿಸುವುದು ನನ್ನ ಕೆಲಸ. ಅವರ ಸವಾರಿಗೆ ಹೊಸ ಸೆಡಾನ್ ಕೊಳ್ಳಬೇಕೆಂದಾಗ ಆಡಳಿತದವರು ಮೂರು ಕಾರುಗಳನ್ನು ಒಂದರ ನಂತರ ಒಂದರಂತೆ ಕೆಲವು ದಿನಗಳ ಮಟ್ಟಿಗೆ ತರಿಸಿ, ಓಡಿಸುವವನ ಅಭಿಪ್ರಾಯವೂ ಬೇಕೆಂದು ಕೀಲಿಯನ್ನು ನನ್ನ ಕೈಗಿತ್ತರು. ರೋಲ್ಸ್ ರಾಯ್ಸ್ ಘೋಸ್ಟ್, ಬೆಂಟ್ಲಿ ಫ್ಲೈಯಿಂಗ್ ಸ್ಪರ್ ವಿ8, ಮರ್ಸಿಡಿಸ್-ಮೇಬ್ಯಾಕ್ ಎಸ್ 580. ಮನಸ್ಸು ಘೋಸ್ಟ್ ಕಡೆಗೆ ಎಳೆಯುತ್ತಿದ್ದರೂ ಕೊನೆಗೆ ನಾನು ಬರೆದುಕೊಟ್ಟದ್ದು ಮೇಬ್ಯಾಕ್ ಹೆಸರನ್ನು.

ಗಂಟೆಗೆ ನೂರು ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ನಮ್ಮ ಅತಿಥಿಗಳು ಯಾರೂ ಕೇಳುವುದಿಲ್ಲ. ಕಾರು ನಿಂತಾಗ ಹಿಂದೆ ಕುಳಿತವರ ತಲೆ ಮುಂದಕ್ಕೆ ತೂಗಿತೇ ಎಂಬುದನ್ನು ಮಾತ್ರ ನಾನು ನೋಡುತ್ತೇನೆ. ಹೋಟೆಲಿನ ಪೋರ್ಟಿಕೋಗೆ ಏರುವ ಇಳಿಜಾರಿನಲ್ಲಿ ಕಾರುಗಳು ಸಾಲಾಗಿ ತೆವಳುತ್ತಿರುತ್ತವೆ. ನಿಲ್ಲಲು ಒಂದು ಗೇಣು ಉಳಿದಿದೆ ಎನ್ನುವಾಗ ಬ್ರೇಕಿನ ಮೇಲಿನ ಒತ್ತಡವನ್ನು ಹೆಚ್ಚುಕಡಿಮೆ ಪೂರ್ತಿ ಸಡಿಲಿಸಿ, ಗಾಲಿ ತಾನಾಗಿ ನಿಲ್ಲುವಂತೆ ಬಿಡಬೇಕು. ಮೂರೂ ಕಾರುಗಳಲ್ಲಿ ನಾನು ಮತ್ತೆ ಮತ್ತೆ ಮಾಡಿದ ಪರೀಕ್ಷೆ ಇದೇ. ಹಿಂದೆ ಉಡುಪಿ ಕಡೆಯ ಸಹೋದ್ಯೋಗಿಯನ್ನು ಕೂರಿಸಿ, ಕೈಯಲ್ಲಿ ಅಂಚಿನವರೆಗೆ ನೀರು ತುಂಬಿದ ಲೋಟ ಕೊಟ್ಟಿದ್ದೆ.

ಘೋಸ್ಟ್‌ನಲ್ಲಿ ಆತ ಲೋಟದಿಂದ ಕಣ್ಣೆತ್ತಿ, "ಅಣ್ಣಾ, ಕಾರು ನಿಂತಿತೇ?" ಎಂದು ಕೇಳಿದ. ಆಗಲೇ ನಿಂತಾಗಿತ್ತು.

ಇದಕ್ಕೆ ಕಾರಣ ನನ್ನ ಕಾಲಿನ ಪಳಗುವಿಕೆಗಿಂತ ಕಾರಿನ ರಚನೆಯಲ್ಲೇ ಹೆಚ್ಚಾಗಿದೆ. 6.75 ಲೀಟರಿನ ವಿ12 ಎಂಜಿನ್ ತನ್ನ ಪೂರ್ತಿ 850 ನ್ಯೂಟನ್ ಮೀಟರ್ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, 1,600 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ 1,600 ಸುತ್ತು ತಿರುಗುವಾಗಲೇ) ಕೊಡುತ್ತದೆ. ಹಾಗಾಗಿ ಆಕ್ಸಿಲರೇಟರಿಗೆ ಕಾಲು ತಾಗಿಸಿದರೆ ಸಾಕು, ಸುಮಾರು ಎರಡೂವರೆ ಟನ್ ತೂಕದ ಕಾರು ದೋಣಿ ದಡ ಬಿಟ್ಟಂತೆ ಹೊರಡುತ್ತದೆ. ಮುಂದೆ ತಿರುವಿದೆಯೇ ಎಂಬುದನ್ನು ಗೇರ್‌ಬಾಕ್ಸ್ ಜಿಪಿಎಸ್ ನಕ್ಷೆಯಿಂದ ಮೊದಲೇ ತಿಳಿದು ಗೇರ್ ಆಯ್ದುಕೊಳ್ಳುತ್ತದೆ. ರಸ್ತೆಯ ಏರುತಗ್ಗನ್ನು ಕ್ಯಾಮೆರಾ ಮುಂಚಿತವಾಗಿ ನೋಡಿ ಸಸ್ಪೆನ್ಷನ್ನನ್ನು ಅಣಿಮಾಡುತ್ತದೆ. ಜುಮೇರಾದ ಮನೆಗಳ ನಡುವಿನ ಬೀದಿಗಳಲ್ಲಿ ರಸ್ತೆ ಉಬ್ಬುಗಳಿಗೆ ಲೆಕ್ಕವಿಲ್ಲ; ಅವುಗಳ ಮೇಲೆ ಹಾಯುವಾಗಲೂ ಲೋಟದ ನೀರು ಅಂಚು ದಾಟಲಿಲ್ಲ.

ಒಳಗಿನ ಮೌನದ ಬಗ್ಗೆಯೂ ಹೇಳಬೇಕು. ಸದ್ದು ತಡೆಯುವ ವಸ್ತುಗಳೇ ಈ ಕಾರಿನಲ್ಲಿ ನೂರು ಕಿಲೋಗಿಂತ ಹೆಚ್ಚು ತೂಗುತ್ತವೆ. ತಯಾರಿಯ ಹಂತದಲ್ಲಿ ಕಾರು ತೀರಾ ನಿಶ್ಶಬ್ದವಾಗಿ ಕುಳಿತವರಿಗೆ ಇರಿಸುಮುರುಸಾಗುತ್ತಿತ್ತಂತೆ. ಅದಕ್ಕಾಗಿ ಎಂಜಿನಿಯರುಗಳು ಸಣ್ಣದೊಂದು ನಾದವನ್ನು ಉದ್ದೇಶಪೂರ್ವಕವಾಗಿ ಉಳಿಸಿದರು. ಆರ್‌ಪಿಎಂ ತೋರಿಸುವ ಮೀಟರಿನ ಜಾಗದಲ್ಲಿ ಇನ್ನೂ ಎಷ್ಟು ಶಕ್ತಿ ಬಾಕಿ ಇದೆ ಎಂದು ಹೇಳುವ ಮುಳ್ಳಿದೆ. ಅಬುಧಾಬಿ ಹಾದಿಯಲ್ಲಿ ಸರಾಗವಾಗಿ ಸಾಗುವಾಗಲೂ ಅದು ತೊಂಬತ್ತರ ಆಸುಪಾಸಿನಲ್ಲೇ ಇರುತ್ತದೆ. ಅದನ್ನು ನೋಡುತ್ತಾ ಓಡಿಸುವವನಿಗೆ ಅವಸರಪಡಬೇಕೆಂದೇ ಅನಿಸುವುದಿಲ್ಲ.

ಹಾಗಿದ್ದೂ ಘೋಸ್ಟ್ ಏಕೆ ಬೇಡವೆಂದೆ? ಅದು ಬಂದು ನಿಂತರೆ ಸುತ್ತಲಿನ ಮೊಬೈಲುಗಳೆಲ್ಲ ಅತ್ತ ತಿರುಗುತ್ತವೆ. ಮದುಮಕ್ಕಳಿಗೆ ಅದು ಸಂಭ್ರಮ. ನಡುರಾತ್ರಿ ವಿಮಾನದಿಂದ ಇಳಿದು, ಕೋಣೆ ಸೇರಿದರೆ ಸಾಕಪ್ಪಾ ಎನ್ನುವವರಿಗೆ ಅದೇ ಹಿಂಸೆ. ನಮ್ಮ ಅತಿಥಿಗಳಲ್ಲಿ ಈ ಎರಡನೆಯ ಬಗೆಯವರೇ ಹೆಚ್ಚು. ಇನ್ನು ಹಿಂದಿನ ಬಾಗಿಲು. ಅದರ ಕೀಲು ಹಿಂಬದಿಗೆ ಇರುವುದರಿಂದ ವಯಸ್ಸಾದವರು ಎರಡೂ ಪಾದ ನೆಲಕ್ಕೂರಿ ನೇರವಾಗಿ ಎದ್ದು ನಿಲ್ಲಬಹುದು. ಸೀರೆ ಉಟ್ಟವರಿಗಂತೂ ಇದಕ್ಕಿಂತ ಸಲೀಸಾದ ಬಾಗಿಲು ಬೇರೆ ಕಾಣೆ. ಆದರೆ ಮುಂದಿನ ಬಾಗಿಲೂ ಅದೇ ಹೊತ್ತಿಗೆ ತೆರೆದಿದ್ದರೆ ಇಳಿದವರು ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಇಕ್ಕಟ್ಟಾದ ಪೋರ್ಟಿಕೋದಲ್ಲಿ ಇದು ದಿನನಿತ್ಯದ ಮಾತು.

ಬೆಂಟ್ಲಿಯನ್ನು ನಾನು ಅಲ್ ಐನ್‌ನ ಜೆಬೆಲ್ ಹಫೀತ್ ಬೆಟ್ಟಕ್ಕೆ ಒಯ್ದೆ. ಸುಮಾರು ಹನ್ನೆರಡು ಕಿ.ಮೀ. ಉದ್ದಕ್ಕೂ ತಿರುವಿನ ಮೇಲೆ ತಿರುವು. ಪೋರ್ಷೆ ಪನಾಮೆರಾದ ಅಡಿಪಾಯವನ್ನೇ ಹಂಚಿಕೊಂಡ ಕಾರು ಇದು; ತಿರುವಿನಲ್ಲಿ ಮೈ ವಾಲದಂತೆ ತಡೆಯಲು 48 ವೋಲ್ಟಿನ ವಿದ್ಯುತ್ ವ್ಯವಸ್ಥೆಯಿದೆ. ಸ್ಟಿಯರಿಂಗ್ ತಿರುಗಿಸಿದಷ್ಟೇ, ತಿರುಗಿಸಿದ ಕ್ಷಣವೇ ತಿರುಗುತ್ತದೆ. 550 ಅಶ್ವಶಕ್ತಿಯ ವಿ8 ಏರುವಾಗ ಗಂಟಲು ತೆರೆದು ಹಾಡುತ್ತದೆ. ಬೆಟ್ಟದ ತುದಿ ಮುಟ್ಟಿದಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಇನ್ನೊಮ್ಮೆ ಇಳಿದು ಹತ್ತಿದೆ. ಎಸಿ ಗಾಳಿಯ ಕಿಂಡಿಗಳನ್ನು ತೆರೆದು ಮುಚ್ಚಲು ತಣ್ಣಗಿನ ಲೋಹದ ಪುಟ್ಟ ಗುಂಡಿಗಳಿವೆ. ಬೆರಳ ತುದಿಯಲ್ಲಿ ಹಿಡಿದು ಎಳೆದಾಗ ಅವು ಸರಿಯುವ ಬಿಗುವು ಅಷ್ಟು ಹದವಾಗಿದೆ! ಡ್ಯಾಷ್‌ಬೋರ್ಡಿನ ನಡುವೆ ಮೂರು ಮುಖದ ಫಲಕವಿದೆ. ಒಂದು ಮುಖದಲ್ಲಿ ಪರದೆ, ಇನ್ನೊಂದರಲ್ಲಿ ಬರೀ ಮರ, ಮತ್ತೊಂದರಲ್ಲಿ ದಿಕ್ಸೂಚಿ, ತಾಪಮಾಪಕ ಮತ್ತು ಸ್ಟಾಪ್‌ವಾಚ್. ಪರದೆಗಳಿಂದ ಕಣ್ಣು ದಣಿದ ರಾತ್ರಿ ನಾನು ಮರವನ್ನೇ ಮುಂದೆ ತಂದುಕೊಂಡು ಓಡಿಸಿದೆ.

ಆದರೆ ಇದರದು ಎರಡು ಕ್ಲಚ್‌ಗಳ ಗೇರ್‌ಬಾಕ್ಸ್. ವೇಗದಲ್ಲಿ ಮಿಂಚಿನಂತೆ ಗೇರ್ ಬದಲಿಸುವುದು ಅದರ ಹೆಗ್ಗಳಿಕೆ. ಕಾಲ್ನಡಿಗೆಯ ವೇಗದಲ್ಲಿ ಸಾಗುವಾಗ ಮಾತ್ರ ಕ್ಲಚ್ ಹಿಡಿಯುವುದು, ಬಿಡುವುದು ಕಾಲಿಗೆ ಗೊತ್ತಾಗುತ್ತದೆ. ಉಳಿದೆರಡರಲ್ಲಿ ಆ ಕೆಲಸವನ್ನು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ನುಣುಪಾಗಿ ಮಾಡಿಬಿಡುತ್ತದೆ. ಪೋರ್ಟಿಕೋದ ಇಳಿಜಾರಿನಲ್ಲಿ ಲೋಟದ ನೀರು ಸಹೋದ್ಯೋಗಿಯ ಪ್ಯಾಂಟನ್ನು ತುಸು ತೋಯಿಸಿತು. ಸ್ವಂತಕ್ಕೆ ಓಡಿಸುವವರಿಗೆ ಇದು ಲೆಕ್ಕಕ್ಕೇ ಬಾರದ ಸಂಗತಿ. ನನ್ನ ಕೆಲಸಕ್ಕೆ ಇದೇ ಮುಖ್ಯ.

ಮೇಬ್ಯಾಕ್ ಕಟ್ಟಿರುವುದೇ ಹಿಂದೆ ಕೂರುವವರಿಗಾಗಿ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಇದರಲ್ಲಿ 3,396 ಮಿ.ಮೀ. ನಾನು ಓಡಿಸಿದ ಘೋಸ್ಟ್‌ನಲ್ಲಿ ಅದು 3,295, ಫ್ಲೈಯಿಂಗ್ ಸ್ಪರ್‌ನಲ್ಲಿ 3,194. ಹೆಚ್ಚಿನ ಉದ್ದವೆಲ್ಲ ಹಿಂದಿನವರ ಮೊಣಕಾಲಿನ ಮುಂದೆ ಸಿಗುತ್ತದೆ. ಬೆನ್ನನ್ನು ಹಿಂದಕ್ಕೆ ಚಾಚಿ, ಮೀನಖಂಡದ ಆಸರೆಯನ್ನು ಮೇಲೆತ್ತಿಕೊಂಡರೆ ಹೆಚ್ಚುಕಡಿಮೆ ಮಲಗಿದ ಹಾಗೆಯೇ. ಓಡಿಸುವವನಿಗೆ ಮೇಬ್ಯಾಕ್ ಎಂಬ ಹೆಸರಿನದೇ ಒಂದು ಮೋಡ್ ಇದೆ. ಅದರಲ್ಲಿ ಕಾರು ಎರಡನೇ ಗೇರಿನಲ್ಲಿ ಹೊರಡುತ್ತದೆ, ಗೇರ್ ಬದಲಾಗುವುದೂ ಕಡಿಮೆ, ಆಕ್ಸಿಲರೇಟರ್ ಮೆತ್ತಗಾಗುತ್ತದೆ. ನಾನು ವರ್ಷಗಟ್ಟಲೆ ಕಾಲಿಗೆ ಕಲಿಸಿದ್ದನ್ನು ಯಾರೋ ಕುಳಿತು ಕೇಳಿಸಿಕೊಂಡು ಕಾರಿಗೆ ತುಂಬಿದ್ದಾರೆ ಎಂದು ಸಂತೋಷವಾಯಿತು. ಲೋಟದ ನೀರು ಅಂಚಿನಲ್ಲೇ ತುಳುಕಿ ನಿಂತಿತು, ಚೆಲ್ಲಲಿಲ್ಲ. ಉಬ್ಬುಗಳ ಮೇಲೆ ಘೋಸ್ಟ್‌ನಷ್ಟು ನಯವಿಲ್ಲ, ಅಷ್ಟು ಮೌನವೂ ಇಲ್ಲ; ಒಳಗಿನ ಬಣ್ಣದ ದೀಪಗಳು ನನ್ನ ರುಚಿಗೆ ಅತಿಯಾದವು. ಆದರೂ ದೂರದಿಂದ ನೋಡಿದವರಿಗೆ ಇದು ಇನ್ನೊಂದು ದೊಡ್ಡ ಮರ್ಸಿಡಿಸ್. ಅತಿಥಿ ಇಳಿದು ಯಾರ ಕಣ್ಣಿಗೂ ಬೀಳದೆ ಒಳಗೆ ಹೋಗಬಹುದು.

ಬೆಲೆಯ ಅಂತರವೂ ಸಣ್ಣದಲ್ಲ. ಪುಣೆ ಬಳಿಯ ಚಾಕಣದಲ್ಲಿ ಜೋಡಿಸುವ ಎಸ್ 580ಕ್ಕೆ ಭಾರತದಲ್ಲಿ 2022ರ ಬಿಡುಗಡೆಯ ವೇಳೆ ಷೋರೂಂ ಬೆಲೆ 2.5 ಕೋಟಿ ರೂಪಾಯಿ. ಪೂರ್ತಿ ಆಮದಾಗುವ ಘೋಸ್ಟ್ 2020ರಲ್ಲೇ ಏಳು ಕೋಟಿಯ ಹತ್ತಿರವಿತ್ತು. ಊರಿನಲ್ಲಿ ಇಂಥ ಕಾರು ಕೊಳ್ಳಹೊರಟವರು ಯಾರಾದರೂ ನನ್ನನ್ನು ಕೇಳಿದರೆ ಹೇಳುವುದಿಷ್ಟು: ಪರೀಕ್ಷಾರ್ಥ ಸವಾರಿಗೆ ಹೆದ್ದಾರಿಗೆ ಹೋಗಬೇಡಿ. ನಿಮ್ಮ ಚಾಲಕನನ್ನೇ ಕರೆದೊಯ್ದು ಸ್ಟಿಯರಿಂಗ್ ಕೊಡಿ, ನೀವು ಹಿಂದೆ ಕುಳಿತು, ಸಂಜೆಯ ದಟ್ಟಣೆಯಲ್ಲಿ ಅರ್ಧ ಗಂಟೆ ತೆವಳಿಸಿ ನೋಡಿ.